ಶಿರ್ವ ಅಂತ ಬರೆಯುವಲ್ಲಿ ಶಿರ್ತಾಡಿ ಅಂತ ಬರೆದೆ: ಮುಂಬೈ ಕನ್ನಡ ಪೇಪರಿನಲ್ಲಿ ನನ್ನ ಒಂದೂವರೆ ತಿಂಗಳು

ಸ್ಲೋಲೋಕಲ್ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಕಾಲೇಜಿಗೆ ಇಂಟರ್ನ್‌ಶಿಪ್ ರಿಪೋರ್ಟ್ ಕೊಟ್ಟಾಯಿತು. ಹತ್ತು ಪುಟ, ಸ್ಪೈರಲ್ ಬೈಂಡಿಂಗ್, ಕೊನೆಯಲ್ಲಿ 'ಬಹಳಷ್ಟು ಕಲಿತೆ' ಅಂತ ಒಂದು ಸಾಲು. ಅದರಲ್ಲಿ ಹಾಕಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಬೈಯಬೇಡಿ.

ನಾನು ಬಿಎಎಂಎಂಸಿ (ಮಾಸ್ ಕಮ್ಯುನಿಕೇಷನ್ ಡಿಗ್ರಿ) ಎರಡನೇ ವರ್ಷ ಮುಗಿಸಿದವಳು. 2025ರ ಮೇ ಮೊದಲ ವಾರದಿಂದ ಜೂನ್ ಮಧ್ಯದವರೆಗೆ ಒಂದು ಸಣ್ಣ ಕನ್ನಡ ವಾರಪತ್ರಿಕೆಯಲ್ಲಿದ್ದೆ. ಹೆಸರು ಹೇಳುವುದಿಲ್ಲ, ಊಹಿಸಲೂ ಹೋಗಬೇಡಿ. ಕ್ಲಾಸಿನವರೆಲ್ಲ ಟಿವಿ ಚಾನೆಲ್, ಪಿಆರ್ ಕಂಪನಿ ಅಂತ ಹೋದರು. ನನಗೆ ಎಲ್ಲೂ ಸಿಗಲಿಲ್ಲ. ಅಪ್ಪನ ಪರಿಚಯದವರೊಬ್ಬರು ಫೋನ್ ಮಾಡಿ 'ಹುಡುಗಿಗೆ ಕನ್ನಡ ಓದಲು ಬರೆಯಲು ಬರುತ್ತದೆ' ಅಂದರು. ಅಷ್ಟೇ ನನ್ನ ಅರ್ಹತೆ. ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಅಮ್ಮ ಕಲಿಸಿದ್ದು, ರಜೆಯಲ್ಲಿ ಮತ್ಸ್ಯಗಂಧದಲ್ಲಿ ಊರಿಗೆ ಹೋಗುವಾಗ ಬೆಳಗ್ಗೆ ಎಬ್ಬಿಸಿ ಕಿಟಕಿಯಲ್ಲಿ ಕಾಣುವ ಸ್ಟೇಷನ್ ಬೋರ್ಡ್ ಓದಿಸಿ ಓದಿಸಿ.

ಆಫೀಸು ಅಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಸಂಪಾದಕರು, ಪುಟ ಕಟ್ಟುವವರು ಒಬ್ಬರು, ಜಾಹೀರಾತು ಮತ್ತು ಚಂದಾ ಎರಡನ್ನೂ ನೋಡುವವರು ಒಬ್ಬರು. ನಾನು ಸೇರಿ ನಾಲ್ಕು ಜನ, ಕುರ್ಚಿ ಮೂರು. ಮುನ್ಸಿಪಾಲಿಟಿ, ನೀರು, ರಸ್ತೆ ಅಂತ ಏನೇನೋ ತಲೆಯಲ್ಲಿಟ್ಟುಕೊಂಡು ಹೋಗಿದ್ದೆ. ಮೊದಲ ದಿನ ಸಂಪಾದಕರು ಒಂದು ದೇವಸ್ಥಾನದ ವಾರ್ಷಿಕೋತ್ಸವದ ವರದಿ ಕೊಟ್ಟು 'ಹೆಸರು ಸರಿ ಇದೆಯಾ ನೋಡು' ಅಂದರು. ಎಣಿಸಿದೆ, ಒಂದೇ ವರದಿಯಲ್ಲಿ 63 ಹೆಸರು! ಗೌರವಾಧ್ಯಕ್ಷ, ಅಧ್ಯಕ್ಷ, ಕಾರ್ಯಾಧ್ಯಕ್ಷ, ಉಪಾಧ್ಯಕ್ಷರು ಮೂವರು. ಒಂದೇ ಇನಿಷಿಯಲ್‌ನ ಶೆಟ್ಟರು ಇಬ್ಬರು, ಅವರಲ್ಲಿ ಯಾರು ಖಜಾಂಚಿ ಅಂತ ತಿಳಿಯಲು ನಾಲ್ಕು ಫೋನ್. ಇದಕ್ಕಾ ನಾನು ಜರ್ನಲಿಸಂ ಓದಿದ್ದು ಅಂತ ಅನಿಸಿತು.

ಸುದ್ದಿ ಬರುವ ರೀತಿಯೇ ಒಂದು ತಮಾಷೆ. ಕೆಲವರು ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ, ಫೋಟೋದಲ್ಲಿ ಅರ್ಧ ಪುಟ ಹೆಬ್ಬೆರಳು. ಕೆಲವರು 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ನಮ್ಮಲ್ಲಿರುವುದು 'ಶ್ರೀಲಿಪಿ', ಹಾಗೇ ತೆರೆದರೆ ಇರುವೆ ಸಾಲು ಬಿಟ್ಟ ಹಾಗೆ ಚಿಹ್ನೆಗಳು. ಬದಲಾಯಿಸಿದ ಮೇಲೂ ಅರ್ಕಾವತ್ತು ಎಲ್ಲೋ ಹಾರಿರುತ್ತದೆ. ಇನ್ನು ಕಾರ್ಯಕ್ರಮಕ್ಕೆ ಮೊದಲೇ ಬರುವ ವರದಿಗಳು! ಮೇ 26ಕ್ಕೆ ಮುಂಬೈಗೆ ಮಳೆಗಾಲ ಬಂದುಬಿಟ್ಟಿತಲ್ಲ, ಅಷ್ಟು ಬೇಗ ಹಿಂದೆಂದೂ ಬಂದಿರಲಿಲ್ಲ ಅಂದರು, ವರ್ಲಿಯ ಹೊಸ ಮೆಟ್ರೋ ಸ್ಟೇಷನ್ನಿಗೇ ನೀರು ನುಗ್ಗಿತ್ತು. ಆ ದಿನ ಸಂಜೆ ಒಂದು ಸಂಘದ ಸನ್ಮಾನ ಇತ್ತು, ಮಳೆಗೆ ರದ್ದಾಯಿತು. ಆದರೆ ಮಧ್ಯಾಹ್ನವೇ ಬಂದಿದ್ದ ವರದಿಯಲ್ಲಿ 'ಕಿಕ್ಕಿರಿದ ಸಭಾಂಗಣದಲ್ಲಿ' ಅಂತ ಇತ್ತು.

ಈಗ ತಪ್ಪಿನ ವಿಷಯ.

ಮೇ ಮೂರನೇ ವಾರ. ಪುಟ ಪ್ರೆಸ್ಸಿಗೆ ಹೋಗುವ ದಿನ, ಸಂಜೆ 6 ಆಗಿತ್ತು, ನಾನು ಆಗಲೇ ಲೋಕಲ್ ಹತ್ತಿದ್ದೆ. ನಿಧನ ಸುದ್ದಿ ಕೊಡಲು ಒಬ್ಬರು ನನ್ನ ಫೋನಿಗೇ ಮಾಡಿದರು. ಹೆಸರು, ವಯಸ್ಸು, ಉತ್ತರಕ್ರಿಯೆಯ ದಿನ, ಹಾಲ್ ಎಲ್ಲ ಬರೆದುಕೊಂಡೆ. ಊರು ಕೇಳುವಾಗ ರೈಲು ಕುರ್ಲಾ ದಾಟುತ್ತಿತ್ತು, ಪಕ್ಕದ ಟ್ರ್ಯಾಕಿನಲ್ಲಿ ಇನ್ನೊಂದು ರೈಲು. 'ಶಿರ್...' ಅಷ್ಟೇ ಕೇಳಿಸಿತು. ನಮ್ಮ ಬಿಲ್ಡಿಂಗಿನಲ್ಲಿ ಶಿರ್ತಾಡಿಯವರಿದ್ದಾರೆ, ತಲೆಯಲ್ಲಿ ಅದೇ ಬಂತು. ಇನ್ನೊಮ್ಮೆ ಕೇಳಬೇಕಿತ್ತು. ಸತ್ತ ಮನೆಯವರನ್ನು ಎರಡೆರಡು ಸಲ ಹೇಗೆ ಕೇಳುವುದು ಅಂತ ಸಂಕೋಚ. ಹಾಗೇ ಟೈಪ್ ಮಾಡಿ ಆಫೀಸಿಗೆ ಕಳಿಸಿದೆ. ಫೋಟೋ ಇರಲಿಲ್ಲ.

ಅವರು ಶಿರ್ವದವರು. ಉಡುಪಿ ಕಡೆ ಗೊತ್ತಿರುವವರಿಗೆ ಗೊತ್ತು, ಶಿರ್ವ ಎಲ್ಲಿ, ಮೂಡಬಿದಿರೆ ಹತ್ತಿರದ ಶಿರ್ತಾಡಿ ಎಲ್ಲಿ. ಪೇಪರ್ ಬಂದ ದಿನ ಆಫೀಸಿಗೆ ಒಂದು ಫೋನ್ ಬಂತು. ಅದೇ ಹೆಸರಿನ, ಶಿರ್ತಾಡಿಯ, ಮುಲುಂಡ್‌ನಲ್ಲಿರುವ ಹಿರಿಯರು. 'ನಾನು ಬದುಕಿದ್ದೇನೆ ಮಾರಾಯ್ತಿ, ಬೆಳಗ್ಗೆಯಿಂದ ಒಂಬತ್ತು ಜನ ನನ್ನ ಹೆಂಡತಿಗೆ ಸಮಾಧಾನ ಹೇಳಿದ್ದಾರೆ' ಅಂತ ನಗುತ್ತಿದ್ದರು. ನಾನೂ ನಕ್ಕೆ. ಆಮೇಲೆ ನಿಜವಾಗಿ ಸಾವಾದ, ಕಲ್ಯಾಣದ ಆ ಮನೆ ನೆನಪಾಯಿತು. ಅಲ್ಲಿಗೆ ಯಾರೂ ಫೋನ್ ಮಾಡಿಲ್ಲ, ಅಲ್ವಾ?

ಸಂಪಾದಕರು ಬೈಯಲಿಲ್ಲ. ಭಾನುವಾರ ಆ ಮನೆಗೆ ಕರೆದುಕೊಂಡು ಹೋದರು. 'ನೀನೇ ಹೇಳು' ಅಂದರು. ಹೇಳಿದೆ. ಆ ಅಮ್ಮ ಏನೂ ಮಾತಾಡದೆ ಒಳಗೆ ಹೋಗಿ ಚಾ ಮಾಡಿ ತಂದರು, ಜೊತೆಗೆ ಹಳೇ ಪೇಪರಿನ ಒಂದು ಕಟ್ಟು. ಗಂಡ ಬಲಾರ್ಡ್ ಎಸ್ಟೇಟಿನ ಒಂದು ಕ್ಯಾಂಟೀನಿನಲ್ಲಿ ನಲವತ್ತು ವರ್ಷ ದುಡಿದವರಂತೆ. ಪ್ರತಿ ವಾರ ನಿಧನದ ಕಾಲಂ ಓದುವುದು, ಹೋಗಬೇಕಾದ ಮನೆಗೆ ನೀಲಿ ಪೆನ್ನಿನಲ್ಲಿ ಗುರುತು ಹಾಕುವುದು, ಹೋಗಿ ಬಂದ ಮೇಲೆ ಆ ಗುರುತಿನ ಸುತ್ತ ಒಂದು ಸೊನ್ನೆ. ಪುಟ ಪುಟದಲ್ಲೂ ಇತ್ತು. ವಿರಾರ್, ಪನ್ವೇಲ್, ಭಿವಂಡಿ. 'ಇವರು ಇಷ್ಟು ಮನೆಗೆ ಹೋಗಿದ್ದಾರೆ ಮಗಳೇ' ಅಂದರು ಆ ಅಮ್ಮ. ಮುಂದಿನ ಮಾತು ಹೇಳಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಮೂಲೆಯಲ್ಲಿ ತಿದ್ದುಪಡಿ ಹಾಕಲಿಲ್ಲ. ಇಡೀ ಸುದ್ದಿಯನ್ನು ಫೋಟೋ ಸಮೇತ ಮತ್ತೆ ಹಾಕಿದರು, ಸರಿಯಾದ ಊರಿನೊಂದಿಗೆ. ಪುಣ್ಯಕ್ಕೆ ಉತ್ತರಕ್ರಿಯೆಗೆ ಇನ್ನೂ ಮೂರು ದಿನ ಇತ್ತು. ಶಿರ್ವದವರು ಬಂದರು. ನಾನು ಹೋಗಿದ್ದೆ, ಎಲೆ ಹಾಕಿದ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ಕೂತು ಊಟ ಮಾಡಿ ಬಂದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಜೂನ್ 9, ಸೋಮವಾರ ಬೆಳಗ್ಗೆ, ಮುಂಬ್ರಾ ಹತ್ತಿರ ತಿರುವಿನಲ್ಲಿ ಎದುರುಬದುರಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದರಲ್ಲ. ಅದು ನನ್ನ ದಾರಿ. ನನ್ನ ಸ್ಲೋ ಲೋಕಲ್ ಹಿಂದೆ ಎಲ್ಲೋ ನಿಂತಿತ್ತು. ಒಂದೂವರೆ ಗಂಟೆ ತಡವಾಗಿ ಆಫೀಸು ಮುಟ್ಟಿದೆ. ಸಂಪಾದಕರು ಕೇಳಿದ ಮೊದಲ ಪ್ರಶ್ನೆ, 'ನಮ್ಮವರು ಯಾರಾದರೂ ಇದ್ದಾರಾ?' ಫೋನ್ ಹಚ್ಚಿದೆವು. ನಮ್ಮವರು ಯಾರೂ ಇರಲಿಲ್ಲ ಅಂತ ಗೊತ್ತಾಯಿತು, ಅಲ್ಲಿಗೆ ಆ ಸುದ್ದಿ ಒಳಪುಟಕ್ಕೆ ಹೋಯಿತು. ಆ ದಿನದಿಂದ ಈ 'ನಮ್ಮವರು' ನನ್ನನ್ನು ಕೊರೆಯುತ್ತಿದೆ. ನೀವೇನು ಹೇಳುತ್ತೀರಿ? ಇದು ಪತ್ರಿಕೋದ್ಯಮವಾ, ಬಳಗದ ನೋಟೀಸ್ ಬೋರ್ಡಾ?

—

ಕಾಂದಿವಲಿಅಕ್ಕ

ನಾನು ಪೇಪರ್ ಹಿಂದಿನಿಂದ ಓದುವವಳು. ಮೊದಲು ನಿಧನ, ಆಮೇಲೆ ವಧು-ವರ, ಆಮೇಲೆ ಯಕ್ಷಗಾನ ಎಲ್ಲಿದೆ ಅಂತ. ರಾಜಕೀಯ ಟಿವಿಯಲ್ಲಿ ಬೇಕಾದಷ್ಟಿದೆ. ನೀನು ಚೆನ್ನಾಗಿ ಬರೆದಿದ್ದೀಯ ಪುಟ್ಟಾ. ದುಡ್ಡು ಕೊಟ್ಟರಾ?

—

ಸ್ಲೋಲೋಕಲ್ (ಡೊಂಬಿವಲಿ)

ರೈಲು ಪಾಸಿನ ಖರ್ಚು ಮತ್ತು ಮಧ್ಯಾಹ್ನದ ಊಟ ಅಕ್ಕ. ಊಟ ಚೆನ್ನಾಗಿತ್ತು.

—

ನೇರಮಾತು

ಕ್ಷಮಿಸಿ, ಕಹಿ ಅನಿಸಬಹುದು. ಶಾಲು, ಪೇಟ, ಹಾರ, ಫಲಪುಷ್ಪ. ನಮ್ಮ ಮುಂಬೈ ಕನ್ನಡ ಪೇಪರುಗಳಲ್ಲಿ ಇದನ್ನು ಬಿಟ್ಟು ಏನಿದೆ? ಮುನ್ಸಿಪಾಲಿಟಿಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ನೀನು ಇಂಟರ್ನ್ ಆಗಿದ್ದಾಗ ಮುಂಬೈಯಲ್ಲಿ ಒಬ್ಬನೇ ಒಬ್ಬ ನಗರಸೇವಕ (ಕಾರ್ಪೊರೇಟರ್) ಇರಲಿಲ್ಲ, ಮೂರು ವರ್ಷದಿಂದ ಆಡಳಿತಾಧಿಕಾರಿಯದ್ದೇ ರಾಜ್ಯ. ಗಟಾರ ಕಟ್ಟಿದರೆ ಯಾರಿಗೆ ಹೇಳುವುದು ಅಂತ ಕನ್ನಡದಲ್ಲಿ ಬರೆದ ಪೇಪರ್ ಯಾವುದು ತೋರಿಸಿ. 63 ಹೆಸರು ಹಾಕಲು ಜಾಗ ಇತ್ತು, ಅದಕ್ಕೆ ಇರಲಿಲ್ಲ.

ನೋಟೀಸ್ ಬೋರ್ಡೇ. ಅದರಲ್ಲಿ ಅನುಮಾನ ಬೇಡ.

—

ಹಳೇಮೊಳೆ

ನೇರಮಾತು ಅವರೇ, ನೋಟೀಸ್ ಬೋರ್ಡ್ ಅಂದರೆ ಕೀಳು ಅಂತ ಯಾರು ಹೇಳಿದ್ದು?

ನಾನು ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುತ್ತಿದ್ದವನು. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಅಲ್ಲಿಂದ ಪ್ರೆಸ್ಸಿಗೆ ಬಂದೆ. ಮೊಳೆ ಜೋಡಿಸುವುದು ಅಂದರೆ ಈಗಿನವರಿಗೆ ಗೊತ್ತಿಲ್ಲ. ಕೈಯಲ್ಲಿ ಸ್ಟಿಕ್, ಎದುರಿಗೆ ಮರದ ಕೇಸು, ಅದರಲ್ಲಿ ನೂರಾರು ಮನೆ. ಇಂಗ್ಲಿಷಿಗೆ ಎರಡು ಕೇಸು ಸಾಕು. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತು ಬೇರೆ, ಒತ್ತಿನ ಮೊಳೆ ಸಣ್ಣದು, ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದರೆ ಹುಡುಕಬೇಕು. ಅಕ್ಷರವೆಲ್ಲ ಉಲ್ಟಾ. ಉಲ್ಟಾ ಓದುವುದು ರೂಢಿಯಾಗಿ ಈಗಲೂ ಆಂಬುಲೆನ್ಸ್ ಮುಂದಿನ ಬೋರ್ಡು ನನಗೆ ಸಲೀಸು. ಬಂಟರ ಕಾರ್ಯಕ್ರಮದ ವರದಿ ಬಂತು ಅಂದರೆ ಒಂದು ಭಯ, 'ಶೆ' ಮನೆ ಖಾಲಿ ಆಗುತ್ತಿತ್ತು. ಆಗ ಕಟ್ಟಿಟ್ಟ ಹಳೇ ಪುಟ ಒಡೆದು ಶೆಟ್ಟರನ್ನು ಒಬ್ಬೊಬ್ಬರಾಗಿ ಕಿತ್ತು ತರಬೇಕು!

ಹೋಟೆಲ್ ಹುಡುಗರ ಖೋಲಿಯಲ್ಲಿ ಹದಿನೈದು ಜನ ಮಲಗುತ್ತಿದ್ದೆವು. ಒಂದೇ ಪೇಪರ್. ಓದು ಬರುವವನು ಗಟ್ಟಿಯಾಗಿ ಓದುವುದು. ಊರಿನ ಹೆಸರು ಬಂದ ಕೂಡಲೇ ಮೂಲೆಯಿಂದ ಒಬ್ಬ ಏಳುತ್ತಿದ್ದ. ಬಜೆಟ್ ಓದಿದಾಗ ಯಾರೂ ಏಳಲಿಲ್ಲ.

ತಂಗೀ, ನೀನು ಪೇಪರಿನ ಕೊನೆಯ ಪುಟದ ಅಡಿ ನೋಡಿದ್ದೀಯಾ? ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಸಣ್ಣ ಅಕ್ಷರದ ಸಾಲು. 1867ರ ಕಾನೂನಿನಿಂದ ಬಂದದ್ದು ಅದು, ಬ್ರಿಟಿಷರಿಗೆ ಯಾರನ್ನು ಹಿಡಿಯಬೇಕು ಅಂತ ಗೊತ್ತಿರಬೇಕಿತ್ತಲ್ಲ. ಈಗ 2023ರ ಹೊಸ ಕಾನೂನು ಬಂದಿದೆ, 2024ರ ಮಾರ್ಚ್ 1ರಿಂದ ಜಾರಿ, ಸಣ್ಣಪುಟ್ಟದಕ್ಕೆ ಜೈಲು ತೆಗೆದು ದಂಡ ಇಟ್ಟಿದ್ದಾರೆ. ನಮ್ಮ ಯಜಮಾನರು ಪ್ರೂಫ್ ನೋಡುವಾಗ ಮೊದಲು ಆ ಸಾಲು ನೋಡುತ್ತಿದ್ದರು. ಆಮೇಲೆ ನಿಧನ. ಆಮೇಲೆ ಮುಖಪುಟ. ಈ ಕ್ರಮ ತಪ್ಪುತ್ತಿರಲಿಲ್ಲ.

ಇನ್ನೊಂದು ತಮಾಷೆ ಹೇಳುತ್ತೇನೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, ಮೋಗ್ಲಿಂಗ್ ಪಾದ್ರಿ ಕಲ್ಲಚ್ಚಿನಲ್ಲಿ ತಂದದ್ದು, 1843ರ ಜುಲೈ 1. ನಮ್ಮ ಫೋರ್ಟಿನ ಗುಜರಾತಿ ಮುಂಬೈ ಸಮಾಚಾರ್ ಶುರುವಾದದ್ದು 1822, ಅದೂ ಜುಲೈ 1. ಒಂದು ವರ್ಷವೂ ತುಂಬದೆ ನಮ್ಮದು ಬಳ್ಳಾರಿಗೆ ಹೋಗಿ, ಹೆಸರು ಬದಲಾಗಿ, ನಿಂತಿತು. ಅವರದ್ದು ಇನ್ನೂ ಬರುತ್ತಿದೆ. ಮೊದಲ ದಿನಗಳಲ್ಲಿ ಅದರಲ್ಲಿ ಏನಿರುತ್ತಿತ್ತು ಅಂದುಕೊಂಡಿರಿ? ಹಡಗು ಯಾವಾಗ ಬರುತ್ತದೆ, ಸರಕಿನ ದರ ಏನು. ಅದೂ ಒಂದು ನೋಟೀಸ್ ಬೋರ್ಡೇ ಸ್ವಾಮಿ.

—

ನೇರಮಾತು

ಹಿರಿಯರೇ, ಹಡಗಿನ ಸುದ್ದಿಯಿಂದ ವ್ಯಾಪಾರಿಗೆ ಉಪಯೋಗ ಇತ್ತು. ಶಾಲು ಹೊದೆಸಿದ ಸುದ್ದಿಯಿಂದ ಶಾಲು ಅಂಗಡಿಗೆ ಮಾತ್ರ ಉಪಯೋಗ. ಆದರೆ 'ಶೆ' ಖಾಲಿಯಾದದ್ದು ಓದಿ ನಕ್ಕೆ, ಒಪ್ಪುತ್ತೇನೆ.

—

ಸ್ಲೋಲೋಕಲ್ (ಡೊಂಬಿವಲಿ)

ನೇರಮಾತು ಅವರೇ, ಒಂದು ಪ್ರಯತ್ನ ಮಾಡಿದ್ದೆ. ಆಗದೇ ಹೋದದ್ದನ್ನೂ ಹೇಳಿಬಿಡುತ್ತೇನೆ.

ನಮ್ಮ ಲೈನಿನ ಒಂದು ಸ್ಟೇಷನ್ ಹತ್ತಿರದ ಹೋಟೆಲಿನ ಹುಡುಗರು ಮಾತಿಗೆ ಸಿಕ್ಕಿದರು. ಮೂರು ತಿಂಗಳ ಸಂಬಳ ಬಾಕಿ. ಮಲಗುವುದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಮೇ ತಿಂಗಳ ಸೆಕೆಯಲ್ಲಿ ಅಲ್ಲಿ ಹತ್ತಿ ನೋಡಿದೆ, ಐದು ನಿಮಿಷ ನಿಲ್ಲಲಾಗಲಿಲ್ಲ, ಕೆಳಗಿನ ತವಾದ ಬಿಸಿ ಹಲಗೆಯ ಸಂದಿನಿಂದ ಕಾಲಿಗೆ ಹೊಡೆಯುತ್ತದೆ. ಇಬ್ಬರು ಕುಂದಾಪುರದ ಕಡೆಯವರು, ಉಳಿದವರು ಒಡಿಶಾ, ನೇಪಾಳ. ಬರೆದೆ. ಎರಡೂ ಕಡೆ ಕೇಳಿ, ಹೋಟೆಲಿನ ಹೆಸರಿಲ್ಲದೆ. ಸಂಪಾದಕರು ಎರಡು ಸಲ ಓದಿದರು. 'ಚೆನ್ನಾಗಿದೆ, ಇರಲಿ' ಅಂದರು. ಮುಂದಿನ ವಾರ ಕೇಳಿದೆ, 'ಇರಲಿ' ಅಂದರು. ಆಮೇಲೆ ನಾನೇ ಕೇಳಲಿಲ್ಲ. ಪೇಪರಿನ ಕಾಗದದ ದುಡ್ಡು ಎಲ್ಲಿಂದ ಬರುತ್ತದೆ ಅಂತ ಆ ಹೊತ್ತಿಗೆ ನನಗೂ ಗೊತ್ತಾಗಿತ್ತು. ಅವರನ್ನು ಪೂರ್ತಿ ದೂರುವ ಮನಸ್ಸೂ ಇಲ್ಲ. ಕಲ್ಯಾಣದ ಆ ಮನೆಗೆ ನನ್ನ ಜೊತೆ ಬಂದವರೂ ಅವರೇ.

—

ಗಲ್ಲಾಪೆಟ್ಟಿಗೆ (ಠಾಣೆ)

ನಾನು ಹೋಟೆಲಿನವನು. ಸುಮ್ನೆ ಓದಿ ಹೋಗೋಣ ಅಂದುಕೊಂಡಿದ್ದೆ, ಈಗ ಬರೆಯಲೇಬೇಕು.

ಮಗೂ, ಕನ್ನಡ ಪೇಪರಿಗೆ ಜಾಹೀರಾತು ಕೊಟ್ಟು ನನ್ನ ಹೋಟೆಲಿಗೆ ಒಬ್ಬ ಗಿರಾಕಿ ಜಾಸ್ತಿ ಬಂದದ್ದು ನಾನು ಕಂಡಿಲ್ಲ. ಬರುವ ಗಿರಾಕಿಗಳೆಲ್ಲ ಮರಾಠಿ, ಗುಜರಾತಿ. ಚೌತಿಗೆ ಒಂದು, ದೀಪಾವಳಿಗೆ ಒಂದು 'ಶುಭ ಕೋರುವವರು' ಅಂತ ಫೋಟೋ ಹಾಕಿಸುತ್ತೇವೆ, ಮುಲಾಜಿಗೆ. ಪೇಪರ್ ನಡೆಯಲಿ ಅಂತ. ನಾನೂ ಆ ಖೋಲಿಯಲ್ಲಿ ಮಲಗಿ ಬಂದವನೇ, ಹಳೇಮೊಳೆಯವರು ಹೇಳಿದ್ದು ನನ್ನ ಕಥೆಯೂ ಹೌದು. ಬಾಡಿಗೆ, ಲೈಸೆನ್ಸು, ಗ್ಯಾಸು, ಎಲ್ಲ ಏರಿದೆ, ಆ್ಯಪಿನವರು ಕಮಿಷನ್ ಕತ್ತರಿಸುತ್ತಾರೆ. ಸಂಬಳ ಬಾಕಿ ಇಡುವುದು ತಪ್ಪು, ನಾನು ಸಮರ್ಥಿಸುವುದಿಲ್ಲ. ಆದರೆ ನೀನು ಹೆಸರು ಹಾಕದಿದ್ದರೂ ಸ್ಟೇಷನ್ ಹೇಳಿದ ಕೂಡಲೇ ಯಾರ ಹೋಟೆಲು ಅಂತ ನಮ್ಮವರಿಗೆಲ್ಲ ಗೊತ್ತಾಗುತ್ತದೆ. ಅವನ ಮಗಳ ಮದುವೆ ಮಾತುಕತೆ ನಡೆಯುತ್ತಿದ್ದರೆ? ಸಣ್ಣ ಬಳಗದಲ್ಲಿ ಪೇಪರಿಗೆ ಬಾಯಿ ಇದ್ದರೂ ಕಚ್ಚುವ ಹಾಗಿಲ್ಲ.

—

ಸ್ಲೋಲೋಕಲ್ (ಡೊಂಬಿವಲಿ)

ಅಂಕಲ್, ಆ ಕುಂದಾಪುರದ ಹುಡುಗರೂ ನಮ್ಮವರೇ ಅಲ್ವಾ? ಅವರಿಗೂ ಮನೆಯಲ್ಲಿ ಅಕ್ಕ ತಂಗಿಯರ ಮದುವೆ ಮಾತುಕತೆ ಇರಬಹುದು.

—

ಗಲ್ಲಾಪೆಟ್ಟಿಗೆ (ಠಾಣೆ)

ಹೌದು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

—

ಜೋಳದರೊಟ್ಟಿ (ಪುಣೆ)

ನೋಡ್ರಿ, ಇಷ್ಟೊತ್ತು ಓದಿದೆ. ಶಿರ್ವ, ಶಿರ್ತಾಡಿ, ಕುಂದಾಪುರ, ಬಂಟರು, ಯಕ್ಷಗಾನ. ಕನ್ನಡದವರು ಅಂದರ ಕರಾವಳಿಯವರು ಅಷ್ಟೇ ಏನ್ರಿ?

ನಮ್ಮದು ವಿಜಯಪುರ ಜಿಲ್ಲಾ. ಅಪ್ಪ ಪುಣೆಗೆ ಗಾರೆ ಕೆಲಸಕ್ಕೆ ಬಂದವರು, ನಾನು ಇಲ್ಲೇ ಹುಟ್ಟಿ ಬೆಳೆದು ಈಗ ಒಂದು ಐಟಿ ಕಂಪನಿಯೊಳಗ ಇದ್ದೇನೆ. ನಮ್ಮ ಮನೆ ಹತ್ತಿರ ಮಜೂರ್ ಅಡ್ಡಾ ಇದೆ. ಬೆಳಗ್ಗೆ 7ಕ್ಕೆ ಬನ್ನಿ, ಕಲಬುರಗಿ, ಯಾದಗಿರಿ, ವಿಜಯಪುರ. ಬುತ್ತಿ ಕಟ್ಟಿಕೊಂಡು ನಿಂತಿರುತ್ತಾರೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಕಾಂಟ್ರಾಕ್ಟರ್ ಗಾಡಿ ನಿಲ್ಲಿಸಿ ಬೆರಳು ತೋರಿಸಿ ಕರೆದುಕೊಂಡು ಹೋಗುತ್ತಾನೆ. 10 ಗಂಟೆಯಾದರೂ ಕೆಲಸ ಸಿಗದವರು ಬುತ್ತಿ ಬಿಚ್ಚಿ ಅಲ್ಲೇ ಉಂಡು ಮನೆಗೆ ಹೋಗುತ್ತಾರೆ. ಅಲ್ಲಿ ನಿಂತು ಕೇಳಿದರೆ ಪುಣೆ ಅಂತ ಅನಿಸುವುದಿಲ್ಲ, ಬರೀ ಕನ್ನಡ.

ಇವರಲ್ಲಿ ಯಾರಾದರೂ ಸತ್ತರೆ ಯಾವ ಪೇಪರಿನ ನಿಧನ ಕಾಲಂಗೂ ಬರುವುದಿಲ್ಲ. ನಮ್ಮ ಗಲ್ಲಿಯ ಒಬ್ಬರು ಮೂರನೇ ಮಾಳಿಗೆಯಿಂದ ಬಿದ್ದರು. ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಊರಿಗೆ ಒಯ್ದರು. ಮರುದಿನ ಅಡ್ಡಾದಲ್ಲಿ ಅವರ ಜಾಗಕ್ಕೆ ಇನ್ನೊಬ್ಬರು. ಸೋಲಾಪುರ ದಾಟುವ ಹೊತ್ತಿಗೆ ಪುಣೆ ಅವರನ್ನು ಮರೆತಾಗಿತ್ತು.

ಕಟ್ಟಡ ಕಾರ್ಮಿಕರಿಗೆ 1996ರಲ್ಲೇ ಕಾನೂನು ಬಂದಿತ್ತು, ಕಲ್ಯಾಣ ಮಂಡಳಿ ಇದೆ. ವಯಸ್ಸು 18ರಿಂದ 60ರ ಒಳಗೆ ಇರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ದಿನಕ್ಕೊಬ್ಬ ಕಾಂಟ್ರಾಕ್ಟರ್ ಹತ್ತಿರ ದುಡಿಯುವವರಿಗೆ ಆ 90 ದಿನದ ಕಾಗದ ಯಾರು ಕೊಡಬೇಕು? ಫಾರ್ಮು ಮರಾಠಿಯಲ್ಲಿ. ನಮ್ಮವ್ವನಿಗೆ ನಾನೇ ತುಂಬಿಸಿಕೊಟ್ಟೆ, ನಾಲ್ಕು ಸಲ ಅಡ್ಡಾಡಿದ ಮೇಲೆ ಆಯಿತು. ಇಷ್ಟನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿ ಅಡ್ಡಾದೊಳಗ ಹಂಚಿದರ ಅದಕ್ಕ ನಾನು ಪೇಪರ್ ಅಂತೇನಿ. ಸಿಟ್ಟಿಲ್ಲ ತಂಗಿ, ನೀನು 'ನಮ್ಮವರು' ಅಂತ ಕೇಳಿದಿ, ಅದಕ್ಕ ಹೇಳಿದೆ.

—

ನೇರಮಾತು

ಇದು. ಇದೇ ನಾನು ಹೇಳಬೇಕೆಂದಿದ್ದದ್ದು, ಇಷ್ಟು ಚೆನ್ನಾಗಿ ಬರಲಿಲ್ಲ.

—

ವಿಭಾಗದಬೆಂಚು (ಕಲೀನಾ)

ನಾನು ಕನ್ನಡ ಎಂ.ಎ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಮುಂಬೈಯ ಹಳೇ ಕನ್ನಡ ಪತ್ರಿಕೆಗಳ ಬೈಂಡು ನೋಡುತ್ತಿದ್ದೇನೆ, ಪುಟ ತಿರುವಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಸಂಪಾದಕೀಯಗಳು ಎಲ್ಲ ಒಂದೇ ತರಹ, 'ಕನ್ನಡಿಗರು ಒಗ್ಗಟ್ಟಾಗಬೇಕು'. ಕೆಲಸಕ್ಕೆ ಬರುವುದು ಸಣ್ಣ ಸುದ್ದಿಗಳೇ. ಯಾವ ಊರಿನವರು ಯಾವ ಚಾಳಿನಲ್ಲಿದ್ದರು, ಯಾವ ಮಿಲ್ಲಿನಲ್ಲಿ, ಯಾವ ಹೋಟೆಲಿನಲ್ಲಿ, ಊರಿನ ಶಾಲೆಗೆ ಎಷ್ಟು ಚಂದಾ ಕಳಿಸಿದರು. ಸ್ಲೋಲೋಕಲ್ ಎಣಿಸಿದ 63 ಹೆಸರು ಐವತ್ತು ವರ್ಷದ ನಂತರ ನನ್ನಂಥವಳಿಗೆ ಚಿನ್ನ.

ಆದರೆ ಒಂದು ಗಮನಿಸಿದ್ದೀರಾ? 'ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.' ಪುತ್ರರ ಹೆಸರು ಕೆಲವೊಮ್ಮೆ ಇರುತ್ತದೆ. ಪತ್ನಿಯ ಹೆಸರು ಹುಡುಕಿ ಹುಡುಕಿ ಸಾಕಾಯಿತು. ಜೋಳದರೊಟ್ಟಿ ಅಣ್ಣನ ಊರಿನವರು ಇಡಿಯಾಗಿ ಇಲ್ಲ, ಹೆಂಗಸರು ಮನೆಯೊಳಗೇ ಇದ್ದೂ ಇಲ್ಲ.

—

ಸ್ಲೋಲೋಕಲ್ (ಡೊಂಬಿವಲಿ)

ವಿಭಾಗದಬೆಂಚು, ನೀವು ಬರೆದದ್ದು ಓದಿ ಎದ್ದು ಹೋಗಿ ಆ ಎರಡು ಸಂಚಿಕೆ ತೆಗೆದು ನೋಡಿದೆ. ಮೊದಲ ಸಲ ಊರು ತಪ್ಪು. ಎರಡನೇ ಸಲ ಊರು ಸರಿ, ಫೋಟೋ ಇದೆ, ಕ್ಯಾಂಟೀನಿನ ವಿಷಯ ಇದೆ, 'ಪತ್ನಿ, ಪುತ್ರಿಯನ್ನು ಅಗಲಿದ್ದಾರೆ' ಅಂತ ಇದೆ. ನಾನೇ ಬರೆದದ್ದು, ಆ ಅಮ್ಮನ ಎದುರು ಕೂತು, ಅವರು ಕೊಟ್ಟ ಚಾ ಕುಡಿದು, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು. ಅವರ ಹೆಸರು ಕೇಳಲೇ ಇಲ್ಲ. ಈಗಲೂ ನನಗೆ ಗೊತ್ತಿಲ್ಲ.

—

ಕಾಂದಿವಲಿಅಕ್ಕ

ಅಯ್ಯೋ. ನಮ್ಮ ಯಜಮಾನರು ಹೋದಾಗಲೂ ನನ್ನ ಹೆಸರು ಹಾಕಿರಲಿಲ್ಲ. ಸುದ್ದಿ ಬರೆದುಕೊಟ್ಟವಳು ನಾನೇ! ನನಗೇ ಹೊಳೆದಿರಲಿಲ್ಲ ನೋಡು.

—

ಹಳೇಮೊಳೆ

ಎಷ್ಟು 'ಪತ್ನಿ' ಜೋಡಿಸಿದ್ದೇನೋ ಈ ಕೈಯಲ್ಲಿ. 'ತ್ನಿ'ಯ ಒತ್ತಿಗೆ ಬೇರೆ ಮನೆ ಇತ್ತು, ಕೇಸಿನ ಬಲಗಡೆ ತುದಿಯಲ್ಲಿ.

—

ಗಲ್ಲಾಪೆಟ್ಟಿಗೆ (ಠಾಣೆ)

ಜೋಳದರೊಟ್ಟಿಯವರೇ, ಆ ಒಂದು ಪುಟ ಅಚ್ಚು ಹಾಕಿಸಲು ಎಷ್ಟಾಗುತ್ತದೆ? ಎರಡು ಸಾವಿರ ಪ್ರತಿ ಅಂತ ಇಟ್ಟುಕೊಳ್ಳಿ. ದೀಪಾವಳಿಯ ಜಾಹೀರಾತಿನ ದುಡ್ಡು ಈ ಸಲ ಅದಕ್ಕೆ ಕೊಡುತ್ತೇನೆ. ನನ್ನ ಫೋಟೋ ಬೇಡ. ಆ ಅಟ್ಟದ ಹುಡುಗರ ವಿಷಯಕ್ಕೆ ಬದಲು ಇದು ಅಂತ ತಿಳಿಯಬೇಡಿ, ಅದು ಬೇರೆ ಲೆಕ್ಕ.

—

ಜೋಳದರೊಟ್ಟಿ (ಪುಣೆ)

ಖರೇನ ಹೇಳ್ತೀರೇನ್ರಿ? ಬರೆಯುವವರು ಬೇಕಲ್ಲ. ನನ್ನ ಕನ್ನಡ ಮಾತಿಗೆ ಸರಿ, ಅಚ್ಚಿಗೆ ಆಗುವುದಿಲ್ಲ. ಮರಾಠಿ ಫಾರ್ಮು ಇಟ್ಟುಕೊಂಡು ಅಡ್ಡಾದ ನಾಲ್ಕು ಜನರನ್ನು ಕೇಳಿ ಬರೆಯಬೇಕು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ.

—

ಸ್ಲೋಲೋಕಲ್ (ಡೊಂಬಿವಲಿ)

ನಾನು ಬರೆಯುತ್ತೇನೆ ಅಣ್ಣ. ಶನಿವಾರ ಬರಲಾ? ಬೆಳಗ್ಗೆ ಕಲ್ಯಾಣದಲ್ಲಿ ಇಂದ್ರಾಯಣಿ ಹತ್ತುತ್ತೇನೆ.

—

ಜೋಳದರೊಟ್ಟಿ (ಪುಣೆ)

ಇಂದ್ರಾಯಣಿ ಪುಣೆ ಮುಟ್ಟುವಾಗ 9 ಹೊಡೆದಿರುತ್ತದೆ, ಕೆಲಸ ಸಿಕ್ಕವರೆಲ್ಲ ಹೋಗಿಬಿಟ್ಟಿರುತ್ತಾರೆ. ಶುಕ್ರವಾರ ಸಂಜೆನೇ ಬಾ, ನಮ್ಮ ಮನೆಯಲ್ಲಿ ಉಳಿ. ಅವ್ವ ಇದ್ದಾಳೆ, ರೊಟ್ಟಿ ಮಾಡುತ್ತಾಳೆ. ನೀನು ಬಂದ ಮೇಲೆ ಅವಳ ಹೆಸರು ಅವಳನ್ನೇ ಕೇಳು, ಹೇಳುತ್ತಾಳೆ.

—

ಸ್ಲೋಲೋಕಲ್ (ಡೊಂಬಿವಲಿ)

ಬರುತ್ತೇನೆ. ಅದಕ್ಕೆ ಮೊದಲು ಕಲ್ಯಾಣಕ್ಕೆ ಹೋಗಬೇಕು, ಅಲ್ಲೊಂದು ಮನೆಯಲ್ಲಿ ಕೇಳುವುದಿದೆ.